೧೯,೭೩,೮೬೨

ಫ್ಯಾನಿನ ಗಾಳಿಗೆ ಕಾಗದದ ಮೂಲೆ ಏಳುತ್ತಿದೆ, ಬೀಳುತ್ತಿದೆ, ಎದ್ದಾಗಲೂ ೧೯,೭೩,೮೬೨, ಬಿದ್ದಾಗಲೂ ಅದೇ — ನಾಗವೇಣಿ ಅಂಕಿಗಳನ್ನು ಕೂಡುತ್ತಾಳೆ, ಒಂದು, ಒಂಬತ್ತು, ಏಳು, ಮೂರು, ಎಂಟು, ಆರು, ಎರಡು, ಒಟ್ಟು ಮೂವತ್ತಾರು, ಹಾಗಾದರೆ ಒಂಬತ್ತರಿಂದ ಭಾಗವಾಗುತ್ತದೆ, ಬಲಗೈ ಬ್ಯಾಂಡೇಜಿನ ಉಂಡೆಯಾಗಿ ಯಾರದೋ ಮಗುವಿನಂತೆ ಮಡಿಲಲ್ಲಿ ಮಲಗಿದೆ, ನೋವಿಲ್ಲ, ಏನೂ ಇಲ್ಲ, ಟ್ರೇಯಲ್ಲಿ ಹಳದಿ ಗ್ಲೌಸಿನ ಎರಡು ಬೆರಳು, ಬೇಡ, ಅಂಕಿ ನೋಡು. ಎದುರಿಗೆ ಸೂಪರ್‌ವೈಸರ್ ಮುರಳಿ ಇಂಕ್ ಪ್ಯಾಡಿನ ಮುಚ್ಚಳ ತೆಗೆದು ಕೂತಿದ್ದಾನೆ, ಎಡಗೈ ಹೆಬ್ಬೆಟ್ಟು ಒತ್ತಮ್ಮ, ಒಂದ್ ನಿಮಿಷದ ಕೆಲ್ಸ — ಹತ್ತನೇ ಕ್ಲಾಸು ಪಾಸಾದವಳ ಹೆಬ್ಬೆಟ್ಟು. ಕಾಗದ ತಮಿಳಿನಲ್ಲಿದೆ, ಅವಳು ಓದಿದ್ದು ಗಡಿಯ ಕನ್ನಡ ಶಾಲೆಯಲ್ಲಿ, ಅವನೇ ಓದಿ ಹೇಳಿದ, ತಗಡಿನಿಂದ ವಾಷರ್ ಕತ್ತರಿಸುವ ಪ್ರೆಸ್ಸಿಗೆ ಅವಳ ಕೈ ಸಿಕ್ಕಿದಾಗ ಮೀಟರಿನಲ್ಲಿ ಇದ್ದ ವಾಷರ್‌ಗಳ ಸಂಖ್ಯೆ ಇದಂತೆ, ಒಳಗೆ ಕೈ ಇದ್ದರೆ ಮಿಷಿನ್ ನಿಲ್ಲಿಸುವ ಸೆನ್ಸರನ್ನು ಬದಲಿಸುವುದು ಇಪ್ಪತ್ತು ಲಕ್ಷ ವಾಷರ್ ಆದ ಮೇಲಂತೆ, ಅಷ್ಟು ಇನ್ನೂ ಆಗಿರಲಿಲ್ಲವಂತೆ, ಆದ್ದರಿಂದ ತಪ್ಪು ಅವಳದಂತೆ. ಆಗಿತ್ತಲ್ಲ, ತಿಂಗಳ ಹಿಂದೆಯೇ ದಾಟಿತ್ತಲ್ಲ, ಪಕ್ಕದ ಮಿಷಿನ್ನಿನ ವೆಂಕಿ ಮೀಟರಿಗೆ ಕುಂಕುಮ ಇಟ್ಟು, ಎಷ್ಟೊಂದು ಸೊನ್ನೆ ನೋಡಕ್ಕಾ, ಇದ್ಕೂ ರಿಟೈರ್ಮೆಂಟ್ ಕೊಟ್ಬುಡ್ಲಿ, ಎಂದು ನಗಿಸಿದ್ದ, ಈಗ ಕುಂಕುಮ ಒರೆಸಿದ್ದಾರೆ, ಮೀಟರನ್ನು ಸೊನ್ನೆಗೆ ತಿರುಗಿಸಿದ್ದಾರೆ, ವೆಂಕಿಯನ್ನು ಬೇರೆ ಶಿಫ್ಟಿಗೆ ಹಾಕಿದ್ದಾರೆ, ಉಳಿದಿರುವುದು ಈ ಸಂಖ್ಯೆ ಒಂದೇ — ಆದರೆ ಒಂದು ಏಟಿಗೆ ಬೀಳುವುದು ನಾಲ್ಕು ವಾಷರ್, ಮೂರಲ್ಲ, ಐದಲ್ಲ, ಮೀಟರ್ ಏರುವುದೂ ನಾಲ್ಕು ನಾಲ್ಕೇ. ಬಾಗಲೂರಿನ ಶಾಲೆಯಲ್ಲಿ ಭಾಗೀರಥಮ್ಮ ಮೇಡಂ ಸೀಮೆಸುಣ್ಣದಿಂದ ನೆತ್ತಿಗೆ ಕುಟ್ಟುತ್ತಾರೆ, ನಾಲ್ಕಕ್ಕೆ ಕೊನೇ ಎರಡು ಅಂಕಿ ನೋಡೇ, ಮಿಕ್ಕಿದ್ದೆಲ್ಲ ಬರೀ ಆಡಂಬರ — ಅರವತ್ತೆರಡು, ನಾಲ್ಕು ಹದಿನೈದಲ ಅರವತ್ತು, ಎರಡು ಉಳಿಯಿತು, ಮತ್ತೆ ಭಾಗಿಸುತ್ತಾಳೆ, ಮತ್ತೆ ಎರಡು. ಯಾವ ಮೀಟರೂ ತೋರಿಸಲಾರದ ಸಂಖ್ಯೆ, ಎಸಿ ರೂಮಿನಲ್ಲಿ ಕೂತು ತೋಚಿದ್ದನ್ನು ಬರೆದಿದ್ದಾರೆ, ಭಾಗಾಕಾರ ಬಲ್ಲವಳು ಪ್ರೆಸ್ಸಿನ ಮುಂದೆ ನಿಂತಿರಬಹುದೆಂದು ಒಬ್ಬರಿಗೂ ಹೊಳೆದಿಲ್ಲ, ಸಿಟ್ಟು ಬರಬೇಕಿತ್ತು, ಎಲ್ಲೋ ಇದೆ ಅದು, ಗಾಜಿನಾಚೆ ಹೋಗುವ ಕಂಪನಿ ಬಸ್ಸಿನ ಹಾಗೆ, ಸದ್ದಿಲ್ಲದೆ.

ಸಾರ್, ಇದು ನಾಲ್ಕರಲ್ಲಿ ಹೋಗಲ್ಲ, ಎರಡು ಮಿಕ್ತದೆ — ಅವಳ ಬಾಯಿ ತಾನಾಗಿ ಹೇಳಿತು. ಮುರಳಿ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡ, ತುಟಿ ಅಲ್ಲಾಡಿತು, ಅವನೂ ಭಾಗಿಸುತ್ತಿದ್ದಾನೆ, ಅವನಿಗೂ ಎರಡೇ ಉಳಿಯಿತು, ಕಿವಿ ಕೆಂಪಾಯಿತು, ಜೇಬಿನಿಂದ ಪೆನ್ನು ತೆಗೆದ. ಅದಕ್ಕೇನಮ್ಮ, ಅರವತ್ನಾಲ್ಕು ಮಾಡ್ಬುಡ್ತೀನಿ ಬಿಡು. ಎಡಗೈ ಹೋಗಿ ಆ ಪೆನ್ನನ್ನು ಕಿತ್ತುಕೊಂಡಿತು, ತನ್ನದೇ ಕೈಯೋ ಯಾರದೋ, ಒಂದನೇ ಕ್ಲಾಸಿನ ಮಗುವಿನಂತೆ ಸೊಟ್ಟಸೊಟ್ಟಗೆ ಅರವತ್ತೆರಡರ ಸುತ್ತ ಸುತ್ತು ಹಾಕಿತು, ಹೆಬ್ಬೆಟ್ಟಿಗೆಂದು ಬಿಟ್ಟ ಚೌಕದಲ್ಲಿ ಬರೆಯಿತು, ಶೇಷ ೨, ಅವನು ಏನೋ ಹೇಳುತ್ತಿದ್ದಾನೆ, ಕೆಲಸ ಎನ್ನುತ್ತಿದ್ದಾನೆ, ಗೇಟು ಎನ್ನುತ್ತಿದ್ದಾನೆ, ಫ್ಯಾನು ತಿರುಗುತ್ತಿದೆ, ಮೂಲೆ ಏಳುತ್ತಿದೆ, ಮುಂದಿನ ಅಂಕಿ ಬರುತ್ತಿಲ್ಲ, ಎರಡು, ಎಣ್ಣೆ ಹತ್ತಿದ ವಾಷರ್‌ಗಳ ಮೇಲೆ ಹಳದಿ ಗ್ಲೌಸಿನ ಎರಡು ಬೆರಳು, ಖಾಲಿಯಲ್ಲ, ತುಂಬಿದ್ದು, ಎರಡು