ಸೇತುವೆಯ ಮೇಲೆ ನಿಂತ ಬಸ್ಸು

ಕಂಡಕ್ಟರಕ್ಕನ ಬಾಯಿಗೆ ಹೆದರದ ಪ್ರಯಾಣಿಕರಿರಲಿಲ್ಲ. ಬಾಗಿಲಲ್ಲಿ ನೇತಾಡುವವರು ಅವಳ ಒಂದೇ ಮಾತಿಗೆ ತೆಪ್ಪಗೆ ಒಳಗೆ ಸರಿಯುತ್ತಿದ್ದರು. ಅಂಥವಳು ಒಂದು ಬೆಳಗ್ಗೆ ಕಿಕ್ಕಿರಿದ ಬಸ್ಸಿನಲ್ಲಿ, ನದಿಯ ಸೇತುವೆ ಮೇಲೆ, ಟಿಕೆಟ್ ಹರಿಯುತ್ತಿದ್ದಂತೆಯೇ ಕಂಬಿ ಹಿಡಿದು ನಿಂತುಬಿಟ್ಟಳು. ಎದೆ ಡವಡವ ಹೊಡೆದುಕೊಂಡಿತು. ಬೆರಳುಗಳು ಜುಮ್ಮೆಂದವು, ಕಣ್ಣಿಗೆ ಕತ್ತಲೆ ಕವಿಯಿತು. ಎಷ್ಟು ಗಾಳಿ ಎಳೆದುಕೊಂಡರೂ ಸಾಲದು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡಳು.

ಸೇತುವೆ ದಾಟಿ ನಿಲ್ದಾಣ ಬಂದದ್ದೇ ತಡ, ಇಳಿದವಳು ಮತ್ತೆ ಹತ್ತಲಿಲ್ಲ. ಯಾವನೋ ತುಂಟ ಪ್ರಯಾಣಿಕ ‘ರೈಟ್’ ಎಂದದ್ದನ್ನು ನಂಬಿ ಡ್ರೈವರ್ ಹೊರಟೇಬಿಟ್ಟ. ಬಸ್ಸಿನಲ್ಲಿ ಕಂಡಕ್ಟರೇ ಇಲ್ಲವೆಂಬುದು ಅವನಿಗೆ ಗೊತ್ತಾದದ್ದು ಮುಂದಿನ ನಿಲ್ದಾಣದಲ್ಲಿ.

ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆಯೂ ಆಯಿತು. “ನಿಮ್ಮ ಹೃದಯ ಕಲ್ಲುಗುಂಡಿನ ಹಾಗಿದೆ,” ಎಂದರು ಡಾಕ್ಟರಮ್ಮ. “ಇದು ಗಾಬರಿಯಿಂದ ಆಗಿರೋದು.”

“ಹಾಗಾದ್ರೆ ನಂಗಾಗಿದ್ದೆಲ್ಲ ಸುಳ್ಳಾ?”

“ಸುಳ್ಳಲ್ಲ. ಎದೆ ಹೊಡ್ಕೊಂಡಿದ್ದು ನಿಜ, ಬೆರಳು ಜುಮ್ಮಂದಿದ್ದೂ ನಿಜ. ಸತ್ತೇಹೋಗ್ತೀನಿ ಅನ್ಸಿದ್ದಷ್ಟೇ ಸುಳ್ಳು. ಮತ್ತೆ ಬಂದ್ರೆ ಜಗಳಕ್ಕೆ ನಿಲ್ಬೇಡಿ, ಓಡ್ಲೂಬೇಡಿ. ಉಸಿರನ್ನ ನಿಧಾನವಾಗಿ ಹೊರಗೆ ಬಿಡ್ತಾ ಇರಿ. ಏರಿದ್ದು ಇಳಿದೇ ಇಳಿಯುತ್ತೆ.”

ಹೇಳುವವರಿಗೇನು, ಅನುಭವಿಸುವವರಿಗೆ ಗೊತ್ತು ಎಂದು ಗೊಣಗಿಕೊಂಡೇ ಮನೆಗೆ ಬಂದಳು. ರಜೆ ಹಾಕಿದಳು. ಬಸ್ಸಿನ ಸದ್ದು ಕೇಳಿದರೂ ಕಿಟಕಿ ಮುಚ್ಚುತ್ತಿದ್ದಳು. ಕೊನೆಗೆ ಮೂಲೆಯಂಗಡಿಗೆ ಹೋಗುವುದನ್ನೂ ಬಿಟ್ಟಾಗ ತಂಗಿ ಕೇಳಿದಳು: “ಅಕ್ಕಾ, ನಾಳೆ ಅಡುಗೆಮನೆಗೆ ಹೋಗೋಕೂ ಭಯ ಅಂದ್ರೆ ಏನ್ಮಾಡ್ತೀಯ?”

ಆ ಮಾತು ಚುರುಕ್ಕೆಂದಿತು. ಅದೇ ವಾರ ಪಾತ್ರೆ ತೊಳೆಯುತ್ತಿದ್ದವಳಿಗೆ ಗಾಬರಿ ಬಂದಾಗ, ಅವಳು ನಲ್ಲಿ ನಿಲ್ಲಿಸಿ ಅಲ್ಲೇ ನಿಂತಳು. ಕೈಯಲ್ಲಿದ್ದ ತಟ್ಟೆ ಗಡಗಡ ಅಲುಗಿತು. ಓಡಲಿಲ್ಲ. ಹೊತ್ತು ಕಳೆದಂತೆ ತಟ್ಟೆ ಸುಮ್ಮನಾಯಿತು. ಆಮೇಲೆ ತಂಗಿಯ ಜೊತೆ ಬಸ್ಸು ಹತ್ತಿ ಒಂದು ನಿಲ್ದಾಣ, ಇನ್ನೊಂದು ದಿನ ಇನ್ನಷ್ಟು ದೂರ. ಒಮ್ಮೆ ಅರ್ಧ ದಾರಿಯಲ್ಲೇ ಇಳಿದು ಅಳುತ್ತಾ ನಡೆದುಬಂದದ್ದೂ ಉಂಟು. ಆದರೂ ಬಿಡಲಿಲ್ಲ. ಮಳೆಗಾಲಕ್ಕೆ ಮೊದಲೇ ಕೆಲಸಕ್ಕೆ ಹಾಜರಾದಳು.

ಒಂದು ಸಂಜೆ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ಅಡ್ಡ ನಿಂತಿತು. ಹಿಂದೆ ಮುಂದೆ ವಾಹನ, ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ. ಅವಳ ಎದೆ ಮತ್ತೆ ಡವಡವ ಶುರುಹಚ್ಚಿಕೊಂಡಿತು. ಬೆರಳುಗಳು ಮರಗಟ್ಟಿದವು. ಕನ್ನಡಿಯಲ್ಲಿ ಅವಳ ಮುಖ ಕಂಡ ಡ್ರೈವರ್ ಕೇಳಿದ: “ಅಕ್ಕಾ, ಬಾಗಿಲು ತೆಗೀಲಾ?”

ಹೂಂ ಎಂದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಬೇಡಪ್ಪ. ಇರ್ಲಿ.”

ಎದುರಿನ ಸೀಟಿನ ಅಜ್ಜ ಕೈಚಾಚಿದ. “ಟಿಕೆಟ್ ಕೊಡಮ್ಮ.”

ಇಷ್ಟು ದಿನ ಪ್ರಯಾಣಿಕರ್ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಿದ್ದನ್ನು ಅವಳು ಹೇಳಿಯೇಬಿಟ್ಟಳು. “ನಂಗೆ ಗಾಬರಿ ಆಗ್ತಿದೆ ಅಜ್ಜ. ಕೈ ನಡುಗ್ತಿದೆ. ಸ್ವಲ್ಪ ತಡೀರಿ.”

“ನಡುಗ್ಲಿ ಬಿಡು ತಾಯಿ. ನಾನೆಲ್ಲಿ ಓಡಿಹೋಗ್ಲಿ? ಬಸ್ಸೇ ಓಡ್ತಿಲ್ಲ.”

ಸುತ್ತಲಿದ್ದವರು ನಕ್ಕರು. ಅವಳಿಗೂ ನಗು ಬಂತು, ನಡುಕದ ನಡುವೆಯೇ. ಬಾ, ಎಷ್ಟು ಬರುತ್ತೀಯೋ ಬಾ ಎಂದು ಮನಸ್ಸಿನಲ್ಲೇ ಗಾಬರಿಯನ್ನು ಕರೆದು, ಕಂಬಿಗೊರಗಿ ಉಸಿರು ಬಿಡುತ್ತಾ ನಿಂತಳು. ಅದು ಬಂತು. ಕತ್ತು ಹಿಸುಕುವಷ್ಟು ಏರಿತು. ಮತ್ತೆ ಏರಲು ಅದಕ್ಕೆ ಜಾಗವೇ ಉಳಿದಿರಲಿಲ್ಲ. ನಿಧಾನವಾಗಿ ಭುಜ ಸಡಿಲಾಯಿತು, ಬೆರಳಿಗೆ ಬಿಸಿ ಮರಳಿತು. ಬಸ್ಸು ಮಾತ್ರ ನಿಂತಲ್ಲೇ ನಿಂತಿತ್ತು. ಬಾಗಿಲು ತೆರೆದಿರಲಿಲ್ಲ, ಸೇತುವೆ ದಾಟಿರಲಿಲ್ಲ. ಆದರೂ ಅದು ಇಳಿದುಹೋಗಿತ್ತು. ಅವಳು ಅಜ್ಜನ ಟಿಕೆಟ್ ಹರಿದು ಕೊಟ್ಟಳು.

ಕೊನೆಯ ನಿಲ್ದಾಣದಲ್ಲಿ ಡ್ರೈವರ್ ಹತ್ತಿರ ಬಂದ. “ಅಕ್ಕಾ, ಮುಂದಿನ ಟ್ರಿಪ್ಪಿಗೆ ಬೇರೆಯವರನ್ನ ಕಳ್ಸಿ ಅಂತ ಹೇಳ್ಲಾ? ಮತ್ತೆ ಅದೇ ಸೇತುವೆ.”

ಅವಳು ಮುಖಕ್ಕೆ ನೀರು ಚಿಮುಕಿಸಿಕೊಂಡು, ಸೆರಗಿನಲ್ಲಿ ಒರೆಸಿಕೊಂಡಳು.

“ಯಾಕಪ್ಪ? ಸೇತುವೆಯೇನು ನನ್ನ ಸವತಿಯಾ? ಗಾಡಿ ತೆಗಿ.”