ಒಂದೊಂದು ಹನಿ ಎಣ್ಣೆ

ಟಿಕ್ ಎಂದಿತು, ಅಷ್ಟೇ. ವರ್ಲಿನ್ ರಿವಾಲ್ವರನ್ನು ಎದುರಿನ ಮಣ್ಣಿನ ದಿಬ್ಬದ ಕಡೆಗೇ ಹಿಡಿದುಕೊಂಡು ನಿಂತ. ಹಾಳುಬಿದ್ದ ಜಲ್ಲಿ ಕ್ವಾರಿಯ ತಳದಲ್ಲಿ ಮಂಜು ಇನ್ನೂ ಕದಲಿರಲಿಲ್ಲ. ದಿಬ್ಬ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ.

"ಇಳಿಸ್ಬೇಡಿ, ಹಂಗೇ ಹಿಡ್ಕೊಂಡಿರಿ," ಅಂದ ಡಾರ್ಸಿ ಹಿಂದಿನಿಂದ. "ಒಂದೊಂದ್ಸಲ ತಡ ಮಾಡಿ ಹಾರುತ್ತೆ."

ಅರ್ಧ ನಿಮಿಷ ಕಾದರು. ಹಾರಲಿಲ್ಲ. ಎರಡನೆಯದೂ ಟಿಕ್ ಎಂದಿತು. ಮತ್ತೆ ಕಾದರು. ಮೂರು, ನಾಲ್ಕು. ಐದನೆಯದಕ್ಕೆ ವರ್ಲಿನ್ ಉಸಿರು ಬಿಗಿಹಿಡಿದು, ತುಂಬಾ ಮೆಲ್ಲಗೆ, ನಿದ್ದೆಯಲ್ಲಿರುವವರನ್ನು ಎಬ್ಬಿಸುವ ಹಾಗೆ ಟ್ರಿಗರ್ ಎಳೆದ. ಅದೂ ಏಳಲಿಲ್ಲ.

"ಯಜಮಾನ್ರೇ, ನಿಮ್ಮ ಗುಂಡೆಲ್ಲಾ ಪ್ರಾರ್ಥನೆಗೆ ಕೂತ್ಬಿಟ್ಟಿವೆ," ಎಂದು ಡಾರ್ಸಿ ನಕ್ಕ.

ಈಸ್ಟರ್ ಮರುದಿನದ ಸೋಮವಾರ ಇಲ್ಲಿಗೆ ಬಂದು ಹಿಂದಿನ ವರ್ಷದ ತೋಟಾಗಳನ್ನು ಹಾರಿಸಿ ಮುಗಿಸಿ ಹೊಸದು ತುಂಬಿಕೊಳ್ಳುವುದು, ಗನ್ನು ಇಟ್ಟುಕೊಂಡು ಚರ್ಚಿನ ಬಾಗಿಲು ಕಾಯುವ ಈ ನಾಲ್ವರ ಪದ್ಧತಿ. ನಾಲ್ಕು ವರ್ಷದ ಹಿಂದೆ ಡಾರ್ಸಿಯೇ ಅದನ್ನು ಶುರುಮಾಡಿದ್ದ. ಕೌಂಟಿಯ ರಸ್ತೆ ರಿಪೇರಿ ಕೆಲಸದವನು, ಯಾವುದಕ್ಕಾದರೂ ಒಂದು ತಾರೀಖು ಗೊತ್ತುಮಾಡದೆ ಬಿಡುವವನಲ್ಲ. ಈ ಸಲ ಉಳಿದಿಬ್ಬರಿಗೆ ಬಿಡುವಾಗಿರಲಿಲ್ಲ.

ಡಾರ್ಸಿ ಒಂದು ತೋಟಾ ತೆಗೆದು ಬುಡವನ್ನು ನೋಡಿದ. ಅಲ್ಲಿ ಕಿಡಿ ಹೊತ್ತಿಸುವ ಕೇಪಿನ ಮೇಲೆ ಏಟು ಬಿದ್ದ ಕುಳಿ ಸರಿಯಾಗಿಯೇ ಇತ್ತು. ಮೂಗಿನ ಹತ್ತಿರ ಹಿಡಿದ. ನಗು ನಿಂತಿತು.

"ಇದೇನಿದು, ತುಕ್ಕು ಬಿಡಿಸೋ ಎಣ್ಣೆ ವಾಸನೆ?"

"ಪ್ರತಿ ಶನಿವಾರ ಹಾಕ್ತೀನಲ್ಲ."

"ಗನ್ನಿಗೆ ಹಾಕಿ, ಬೇಡ ಅಂದೋರ್ಯಾರು. ಗುಂಡು ತೆಗೆದಿಟ್ಟು ಹಾಕ್ತೀರೋ, ಒಳಗಿಟ್ಕೊಂಡೇನೋ?"

"ಒಳಗಿಟ್ಕೊಂಡೇ. ಹೋದ ಈಸ್ಟರಿಂದ ಕೇಪಿಗೂ ಒಂದೊಂದು ಹನಿ ಬಿಟ್ಟು ಒರೆಸ್ತೀನಿ. ತುಕ್ಕು ಹಿಡೀಬಾರ್ದು ಅಂತ."

ಡಾರ್ಸಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಆ ಎಣ್ಣೆ ಕೂದಲಷ್ಟು ಸಂದು ಸಿಕ್ಕಿದ್ರೂ ಒಳಗಿಳಿಯುತ್ತೆ ಮಾರಾಯ್ರೇ, ಅದರ ಕೆಲಸವೇ ಅದು. ಕೇಪಿನೊಳಗಿಳಿದು ಮದ್ದನ್ನ ಸಾಯಿಸಿದೆ. ಯಾವಾಗ ಸತ್ತಿತ್ತೋ ಏನೋ. ಕೊಡಿ ಇಲ್ಲಿ, ಪೂರ್ತಿ ಬಿಚ್ಚಿ ತೊಳೆದು ಒಣಗಿಸಿ ಕೊಡ್ತೀನಿ."

ವರ್ಲಿನ್ ರಿವಾಲ್ವರನ್ನು ಅವನ ಕೈಗಿಟ್ಟ. ಮೂವತ್ತೊಂದು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ಅವನದು ಎಣ್ಣೆ ಹಾಕುವ ಕೆಲಸ. ಉದ್ದ ಮೂತಿಯ ಡಬ್ಬ ಹಿಡಿದು ಗರಗಸಗಳ ಅಡಿಯಲ್ಲಿ, ಬೆಲ್ಟುಗಳ ನಡುವೆ ನುಸುಳಿ, ತಿರುಗುವ ಪ್ರತಿಯೊಂದಕ್ಕೂ ಅದರದರ ಪಾಲಿನ ಹನಿ ಕೊಡುತ್ತಿದ್ದ. ಅವನ ಪಾಳಿಯಲ್ಲಿ ಒಂದು ಬೇರಿಂಗೂ ಸುಟ್ಟಿರಲಿಲ್ಲ. ಮಿಲ್ಲು ಮುಚ್ಚಿದ ಮೇಲೆ ಎಣ್ಣೆ ಹಾಕಲು ಕೈಗೆ ಉಳಿದದ್ದು ಈ ಒಂದು ರಿವಾಲ್ವರು. ಆಮೇಲೆ ಇನ್ನೊಂದು.

ಆ ಇನ್ನೊಂದರ ನೆನಪಾದದ್ದು ಟ್ರಕ್ಕಿನ ಬಾಗಿಲಿಗೆ ಕೈಹಾಕಿದಾಗ. ಕೈ ಅಲ್ಲೇ ನಿಂತಿತು.

ರೆಂಡಾಳ ರಿವಾಲ್ವರು. ಚರ್ಚಿನಲ್ಲಿ ಎರಡನೇ ಸಾಲಿನಲ್ಲಿ ಕೂರುವ, ಶಾಲೆಯ ಅಡುಗೆಮನೆಯಲ್ಲಿ ಕೆಲಸಮಾಡುವ ರೆಂಡಾ. ಹೋದ ಅಕ್ಟೋಬರಿನ ಒಂದು ಭಾನುವಾರ ಎಲ್ಲರೂ ಹಾಡುತ್ತಿದ್ದಾಗ ಅವಳ ಗಂಡ ಕೀತ್ ಬಾಗಿಲು ನೂಕಿಕೊಂಡು ಬಂದಿದ್ದ. ಅವಳ ಹತ್ತಿರ ಸುಳಿಯಕೂಡದೆಂದು ಕೋರ್ಟಿನ ಆಜ್ಞೆ ಇತ್ತು. ಕೋಟಿನೊಳಗೆ ಒಂದು ಕೈ. ವರ್ಲಿನ್ ಎದ್ದು ನಿಂತ. ಅವನೂ ತನ್ನ ಕೋಟಿನೊಳಗೆ ಕೈ ಇಟ್ಟುಕೊಂಡಿದ್ದ. ಇಬ್ಬರೂ ಹಾಗೆ ಎಷ್ಟು ಹೊತ್ತು ನಿಂತರೋ ಯಾರಿಗೂ ಗೊತ್ತಿಲ್ಲ. ಹಾಡು ಒಂದೊಂದೇ ಬಾಯಿಂದ ಬಿಟ್ಟುಹೋಗಿ, ಕಡೆಗೆ ಕಿವಿ ಕೇಳದ ಮುದುಕಿಯೊಬ್ಬಳು ಮಾತ್ರ ಹಾಡುತ್ತಿದ್ದಳು. ಕಿಟಕಿಯ ಬಿಸಿಲಿನಲ್ಲಿ ದೂಳು ತೇಲುತ್ತಿತ್ತು. ಕೀತ್ ಕೈಯನ್ನು ಹಾಗೇ ಇಟ್ಟುಕೊಂಡು ಹಿಂದೆ ಹಿಂದೆ ನಡೆದು ಹೊರಗೆ ಹೋದ. ಆಜ್ಞೆ ಮುರಿದದ್ದಕ್ಕೆ ಆರು ತಿಂಗಳು ಜೈಲಾಯಿತು. ಅದಾದ ವಾರವೇ ರೆಂಡಾ ಒಂದು ಸಣ್ಣ ರಿವಾಲ್ವರು ಕೊಂಡು ತಂದು, ಇದನ್ನ ನೋಡ್ಕೊಳ್ಳೋದು ಹೆಂಗೆ ಹೇಳ್ಕೊಡಿ ಮಾವ, ಎಂದಿದ್ದಳು. ನೆಂಟಸ್ತಿಕೆಯೇನಿಲ್ಲ, ಚರ್ಚಿನ ಕಿರಿಯರಿಗೆಲ್ಲ ಅವನು ಮಾವ, ಅವನ ಹೆಂಡತಿ ಅತ್ತೆ. ತಿಂಗಳ ಮೊದಲ ಶನಿವಾರ ವರ್ಲಿನ್ ತಾನೇ ಹೋಗಿ ಒರೆಸಿ ಕೊಟ್ಟು ಬರುತ್ತಿದ್ದ. ಕೇಪಿಗೊಂದು ಹನಿ.

ಕೀತ್ ಹೊರಗೆ ಬರುವುದು ಈ ಗುರುವಾರ.

ಮನೆಯಲ್ಲಿ ಒಲೀಟಾ ಬೀನ್ಸ್ ಬೇಯಲಿಟ್ಟು, ಬೆಟ್ಟದಿಂದ ಕಿತ್ತುತಂದ ಕಾಡು ಈರುಳ್ಳಿಯ ಮಣ್ಣು ತೊಳೆಯುತ್ತಿದ್ದಳು. ಗಂಡ ಹೇಳಿದ್ದನ್ನೆಲ್ಲ ನಲ್ಲಿ ನಿಲ್ಲಿಸದೆಯೇ ಕೇಳಿದಳು.

"ನಾನು ಹೇಳ್ತಿರ್ಲಿಲ್ವಾ? ನನ್ನ ಹೊಲಿಗೆ ಮಿಶಿನ್ನಿಗೂ ಹಂಗೇ ಸುರಿದು ಭಾನುವಾರದ ಅಂಗಿಗೆಲ್ಲ ಕಲೆ ಮಾಡಿದ್ದೆ."

"ಈಗ ಅದಲ್ಲ ಮಾತು, ಒಲೀಟಾ."

"ಮಾತೇನಿದೆ ಇದ್ರಲ್ಲಿ? ಹೊಸ ಗುಂಡಿನ ಡಬ್ಬಿ ತಗೊಂಡು ಹೋಗು. ಹಳೇದು ತೆಗಿ, ಹೊಸದು ಹಾಕು, ಒಂದು ಕಾಫಿ ಕುಡಿದು ಬಾ. ಸತ್ತಿತ್ತು ಅಂತ ಡಂಗುರ ಹೊಡಿಯೋದೇನು ಬಂತು? ಆ ಹುಡುಗಿ ಈಗ್ತಾನೆ ನಾಲ್ಕು ತಾಸು ನಿದ್ದೆ ಮಾಡೋಕೆ ಶುರು ಮಾಡಿದ್ದಾಳೆ."

ಅದು ಸರಿಯೆಂದೇ ವರ್ಲಿನ್‌ಗೂ ತೋರಿತು. ಹಳ್ಳದ ಗುಂಟ ಟ್ರಕ್ಕು ಏರುವಾಗ ಹೇಳಬೇಕಾದ ಮಾತನ್ನು ಬಾಯಲ್ಲೇ ಹೊರಳಿಸಿ ನೋಡಿದ. ಈಸ್ಟರ್ ಆಯ್ತಲ್ಲ, ಹೊಸದು ಹಾಕೋ ಪದ್ಧತಿ. ಸುಳ್ಳೂ ಅಲ್ಲ. ಎರಡೂ ಕಡೆ ರೆಡ್‌ಬಡ್ ಗಿಡಗಳು ಎಲೆಯಿಲ್ಲದೆ ಹೂ ಬಿಟ್ಟು, ಬೆಟ್ಟಕ್ಕೆ ನಸುಗೆಂಪು ಹೊಗೆ ಮೆತ್ತಿದಂತಿತ್ತು. ಗಾಡಿಯನ್ನು ತಾನು ಓಡಿಸುತ್ತಿದ್ದಾನೋ, ತನ್ನನ್ನು ಯಾರೋ ಒಯ್ಯುತ್ತಿದ್ದಾರೋ ಅನ್ನಿಸಿತು. ಸೇತುವೆಯ ಹಲಗೆಗಳು ಚಕ್ರದಡಿ ಒಂದೊಂದಾಗಿ ಕಟಕಟ ಅಂದವು. ಟಿಕ್, ಟಿಕ್, ಎಂದು ಎಣಿಸಿಕೊಳ್ಳುತ್ತಿದ್ದುದು ಆಚೆ ದಡ ಮುಟ್ಟಿದ ಮೇಲೆ ಅವನಿಗೆ ತಿಳಿಯಿತು.

ರೆಂಡಾ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಶಾಲೆಗೆ ಈಸ್ಟರಿನ ರಜೆ. ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡೇ, "ಇವತ್ತು ಶನಿವಾರ ಅಲ್ವಲ್ಲ ಮಾವ," ಅಂದಳು.

"ಈಸ್ಟರ್ ಆಯ್ತಲ್ಲಮ್ಮ. ಹೊಸ ಗುಂಡು ಹಾಕೋ ಪದ್ಧತಿ. ಅದಕ್ಕೇ ಬಂದೆ."

"ಒಳ್ಳೇದೇ ಆಯ್ತು, ಗುರುವಾರದೊಳಗೆ." ಕ್ಲಿಪ್ಪು ತೆಗೆದು ಒಳಗೆ ಹೋಗಿ, ಒಗೆದ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ ರಿವಾಲ್ವರನ್ನು ಎರಡೂ ಕೈಯಲ್ಲಿ ತಂದಳು. ಪಕ್ಕದಲ್ಲಿ ಒಂದು ಪುಟ್ಟ ಡಬ್ಬ. ಅವನ ಡಬ್ಬದಂಥದೇ, ಅದೇ ನೀಲಿ. "ನೋಡಿ, ನೀವು ತಿಂಗಳಿಗೊಂದ್ಸಲ ಬರೋವರ್ಗೂ ಯಾಕೆ ಕಾಯ್ಲಿ ಅಂತ ನಾನೂ ತಂದ್ಕೊಂಡೆ. ಈಗ ದಿನಾ ಸಾಯಂಕಾಲ ನಾನೇ ಹಾಕ್ತೀನಿ, ಒಂದೊಂದಕ್ಕೆ ಒಂದೊಂದು ಹನಿ. ದೀಪಕ್ಕೆ ಎಣ್ಣೆ ಹಾಕಿದ ಹಾಗೆ. ಹಾಕಿದ್ರೇನೇ ನಿದ್ದೆ ಬರೋದು."

ವರ್ಲಿನ್ ಜೇಬಿನೊಳಗೆ ಹೊಸ ಗುಂಡಿನ ಡಬ್ಬಿಯನ್ನು ಹಿಡಿದುಕೊಂಡೇ ನಿಂತ. ತಂತಿಯ ಮೇಲೆ ಹಾಸಿಗೆಯ ಹೊದಿಕೆ ಉಬ್ಬಿತು, ಇಳಿಯಿತು. ಕೊಟ್ಟು ಹೋದರೆ ಇವೂ ಗುರುವಾರದ ಹೊತ್ತಿಗೆ ಮೂರು ಸಾಯಂಕಾಲದ ಎಣ್ಣೆ ಕುಡಿಯುತ್ತವೆ.

"ಹಾಕ್ಬೇಡ," ಅಂದ.

"ಏನು?"

"ಎಣ್ಣೆ. ಗುಂಡಿಗೆ ಹಾಕ್ಬಾರ್ದಂತೆ. ನಾನು ಹೇಳ್ಕೊಟ್ಟಿದ್ದು ತಪ್ಪು ಕಣಮ್ಮಾ. ಬೆಳಗ್ಗೆ ನನ್ನವು ಐದೂ ಹಾರ್ಲಿಲ್ಲ. ನಿನ್ನವೂ ಹಂಗೇ ಆಗಿರ್ತವೆ."

ಅವಳು ಕೈಯಲ್ಲಿದ್ದುದನ್ನು ನೋಡಿದಳು. "ಯಾವಾಗಿಂದ?"

"ನನ್ನವು ಹೋದ ಈಸ್ಟರಲ್ಲಿ ತುಂಬಿದ್ದು."

ಅವಳ ತುಟಿ ತಿಂಗಳುಗಳನ್ನು ಎಣಿಸಿತು. "ಹಂಗಾದ್ರೆ ಅಕ್ಟೋಬರಲ್ಲೂ?"

"ಅಕ್ಟೋಬರಲ್ಲೂ ಇರ್ಬೇಕು."

ರೆಂಡಾ ಬಟ್ಟೆ ಬುಟ್ಟಿಯ ಅಂಚಿನ ಮೇಲೆ ಕೂತಳು. ಸಣ್ಣದೊಂದು ನಗು ಬಂತು, ಅರ್ಧಕ್ಕೇ ಬೇರೆ ಏನೋ ಆಯಿತು. "ಯಾಕೆ ಹೇಳಿದ್ರಿ ಮಾವ? ಆರು ತಿಂಗಳು... ಇದನ್ನ ದಿಂಬಿನ ಪಕ್ಕ ಇಟ್ಕೊಂಡು, ವರ್ಲಿನ್ ಮಾವ ಕೈ ಮುಟ್ಟಿದ್ದು ಅಂತ... ಸತ್ತಿರೋದನ್ನ ಪಕ್ಕಕ್ಕೆ ಹಾಕ್ಕೊಂಡು ಮಲಗಿದ್ನಲ್ಲ! ಮಿಲ್ಲಲ್ಲೂ ಹಿಂಗೇ ಮಾಡ್ತಿದ್ರಾ? ಯಾರನ್ನಾದ್ರೂ ಒಂದು ಮಾತು ಕೇಳೋಕಾಗ್ತಿರ್ಲಿಲ್ವಾ?"

"ಕೇಳ್ಬೇಕಾಗಿತ್ತು."

"ಅತ್ತೆಗೆ ಗೊತ್ತಾ?"

"ಸುಮ್ನೆ ಬದಲಾಯಿಸಿ ಬಾ ಅಂದ್ಳು."

"ಸರಿಯಾಗೇ ಹೇಳಿದಾರೆ ಪುಣ್ಯಾತ್ಗಿತ್ತಿ." ತೋಳಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಬನ್ನಿ. ನನಗೆ ನೋಡ್ಬೇಕು."

ಕೊಟ್ಟಿಗೆಯ ಹಿಂದೆ ಗುಡ್ಡದ ಮಣ್ಣು ಕುಸಿದು ಗೋಡೆಯಂತಾಗಿತ್ತು. ರೆಂಡಾ ತಾನೇ ಹಿಡಿದಳು. ಟಿಕ್. ಡಾರ್ಸಿ ಹೇಳಿದ ಹಾಗೆ ವರ್ಲಿನ್ ಅವಳನ್ನು ಕಾಯಿಸಿದ. ಟಿಕ್. ಮತ್ತೆ ಕಾದರು. ಆ ಕಾಯುವಿಕೆಯಲ್ಲಿ ಹಳ್ಳದ ನೀರು, ಎಲ್ಲೋ ಒಂದು ಮರಕುಟಿಗ, ಇಬ್ಬರ ಉಸಿರು. ಮೂರನೆಯದು ಢಂ ಎಂದು ಸಿಡಿಯಿತು. ಇಬ್ಬರೂ ಬೆಚ್ಚಿದರು. ಸದ್ದು ಕಣಿವೆಯ ಆಚೆಗೆ ಹೋಗಿ, ಅಲ್ಲಿ ಯಾರನ್ನೋ ಮಾತಾಡಿಸಿಕೊಂಡು, ಸಾವಕಾಶವಾಗಿ ವಾಪಸು ಬಂತು. ನಾಲ್ಕು, ಐದು ಮತ್ತೆ ಟಿಕ್ ಟಿಕ್.

"ಒಂದು," ಅಂದಳು ರೆಂಡಾ.

ಅವನು ಕೈ ಚಾಚಿದ. ಅವಳು ಕೊಡಲಿಲ್ಲ. "ನೀವು ಹೇಳಿ, ನಾನು ಮಾಡ್ತೀನಿ," ಎಂದು ಮೆಟ್ಟಿಲ ಮೇಲೆ ಕೂತಳು. ಸತ್ತವನ್ನು ಬೇರೆ ತೆಗೆದಿಟ್ಟಳು. ಹಳೇ ತಲೆದಿಂಬಿನ ಬಟ್ಟೆ ಹರಿದು, ಕಡ್ಡಿಗೆ ಸುತ್ತಿ, ಒಂದೊಂದು ತೂತಿನಲ್ಲೂ ಆಡಿಸಿ, ಬಟ್ಟೆಯಲ್ಲಿ ಎಣ್ಣೆಯ ಗುರುತು ಬೀಳದಾಗುವವರೆಗೆ ಒರೆಸಿದಳು. ಐದು ತೂತು, ಐದೈದು ಸಲ. ಮಧ್ಯಾಹ್ನ ಹಾಗೇ ಕಳೆಯಿತು. ಕೈ ತೊಳೆದು, ಒಣಗಿಸಿಕೊಂಡು, ಹೊಸ ತೋಟಾಗಳನ್ನು ತುಂಬಿದಳು. ನೀಲಿ ಡಬ್ಬವನ್ನು ವರ್ಲಿನ್‌ನ ಮಡಿಲಿಗೆ ಹಾಕಿದಳು.

"ಗುರುವಾರ ಬೆಳಗ್ಗೆ ಬರ್ತೀರಾ?"

"ನನ್ನ ಗನ್ನು ಡಾರ್ಸಿ ಹತ್ರ ಇದೆಯಲ್ಲಮ್ಮ."

"ಗನ್ನನ್ನ ಯಾರು ಕರೆದ್ರು?" ಅಂದಳು, ಇನ್ನೂ ಸಿಟ್ಟಿನಲ್ಲೇ. "ಅತ್ತೆನೂ ಕರ್ಕೊಂಡ್ ಬನ್ನಿ."

ಗುರುವಾರ ಹೊತ್ತು ಹುಟ್ಟಿದಾಗ ಮೂವರೂ ರೆಂಡಾಳ ಜಗಲಿಯಲ್ಲಿದ್ದರು. ಮಂಜು ಹಳ್ಳದಿಂದ ಎದ್ದು ಅಂಗಳದ ಬೇಲಿಯವರೆಗೆ ಬಂದು ನಿಂತಿತ್ತು. ಸೇತುವೆ ಕಾಣುತ್ತಿರಲಿಲ್ಲ. ಒಲೀಟಾ ತಂದಿದ್ದ ಜೋಳದ ಬ್ರೆಡ್ಡನ್ನು ಮುರಿದು ತಟ್ಟೆಗೆ ಹಾಕುತ್ತ, ಎದುರು ಮನೆಯವರ ಹಸು ಕರು ಹಾಕಿದ್ದರಿಂದ ಹಿಡಿದು ತನ್ನ ಮೊಣಕಾಲಿನವರೆಗೆ ಒಂದೇ ಸಮನೆ ಮಾತಾಡುತ್ತಿದ್ದಳು. ರೆಂಡಾಳ ಏಪ್ರನ್ನಿನ ಜೇಬು ಒಂದು ಕಡೆ ಭಾರವಾಗಿ ಜೋತಿತ್ತು. ವರ್ಲಿನ್ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮಂಜನ್ನೇ ನೋಡುತ್ತಿದ್ದ.

ಕೆಳಗಿನಿಂದ ಗಾಡಿಯ ಸದ್ದು ಬಂತು. ಏರಿನಲ್ಲಿ ಏದಿತು, ತಿರುವಿನಲ್ಲಿ ಮೆತ್ತಗಾಯಿತು, ಸೇತುವೆಯ ಆಚೆ ಬಂದು ನಿಂತಿತು. ಎಂಜಿನ್ ಓಡುತ್ತಲೇ ಇತ್ತು. ಒಲೀಟಾ ಮಾತು ನಿಲ್ಲಿಸಲಿಲ್ಲ. ದನಿಯನ್ನು ಒಂದಿಷ್ಟು ಎತ್ತರಿಸಿ, ಕರುವಿನ ಹಣೆಯ ಬಿಳಿ ಬೊಟ್ಟಿನ ವಿಷಯಕ್ಕೆ ಬಂದಳು. ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಹಲಗೆಯ ಸದ್ದಿಗಾಗಿ ಮೂವರ ಕಿವಿಯೂ ಅಲ್ಲೇ ಇತ್ತು.

ಬಹಳ ಹೊತ್ತಿನ ಮೇಲೆ ಸದ್ದು ಕದಲಿತು. ಹತ್ತಿರವಾಯಿತೋ ದೂರವಾಯಿತೋ ತಿಳಿಯಲಿಲ್ಲ. ಆಮೇಲೆ ನೀರಿನ ಸದ್ದು ಮಾತ್ರ ಉಳಿಯಿತು.

ಬಿಸಿಲೇರಿ ಮಂಜು ಸರಿದಾಗ ಮೊದಲು ಸೇತುವೆಯ ಕಟಕಟೆ ಕಂಡಿತು, ಆಮೇಲೆ ಹಲಗೆಗಳು, ಆಮೇಲೆ ಆಚೆ ದಡದ ಒದ್ದೆ ಜಲ್ಲಿ. ಅದರ ಮೇಲೆ ಟೈರಿನ ಗುರುತು ಅರ್ಧ ವೃತ್ತವಾಗಿ ಹೊರಳಿ, ಬಂದ ದಾರಿಯಲ್ಲೇ ಇಳಿದುಹೋಗಿತ್ತು. ಆ ಗುರುತಿನಲ್ಲಿ ನಿಂತ ಒಂದಿಷ್ಟು ನೀರಿಗೆ ರಾಬಿನ್ ಹಕ್ಕಿಯೊಂದು ಇಳಿದು ಮೀಯುತ್ತಿತ್ತು.