ತೆಗೀತಾರಂತೆ

"ಸ್ವಲ್ಪ ಓರೆ ಮಾಡ್ರಪ್ಪ, ತಿರುವಿನಲ್ಲಿ ಸಿಕ್ಕೊಳ್ತಿದೆ," ಎಂದು ಮುಂದೆ ಹೆಗಲು ಕೊಟ್ಟಿದ್ದ ಫಿಟ್ಟರ್ ಕೂಗಿದ. ಇಕ್ಕಟ್ಟಾದ ಮೆಟ್ಟಿಲಲ್ಲಿ ಪೆಟ್ಟಿಗೆ ಗೋಡೆಗೆ ಉಜ್ಜಿ ಸುಣ್ಣ ಉದುರಿತು. ಹೊತ್ತವರೆಲ್ಲ ಮುಚ್ಚಿಹೋದ ಬಟ್ಟೆ ಗಿರಣಿಯ ಕೆಲಸಗಾರರು. ಒಳಗಿದ್ದವನು ಅವರ ಮೇಸ್ತ್ರಿ.

ಗಿರಣಿಗೆ ಬೀಗ ಬಿದ್ದು ವರ್ಷಗಳೇ ಆಗಿದ್ದವು. ಆದರೂ ಮೇಸ್ತ್ರಿ ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುತ್ತಿದ್ದ. ಅವನು ಬರುತ್ತಾನೆಂದು ಉಳಿದವರೂ ಬರುತ್ತಿದ್ದರು. "ಮಾತುಕತೆ ನಡೀತಿದೆ. ತೆಗೀತಾರಂತೆ," ಎನ್ನುತ್ತಿದ್ದ.

ಹೂಳಿ ಮೇಸ್ತ್ರಿಯ ಮನೆಗೆ ಬಂದ ಮೇಲೆ ಫಿಟ್ಟರ್‌ಗೆ ತಡೆಯಲಾಗಲಿಲ್ಲ.

"ಅತ್ತಿಗೆ, ಇವತ್ತು ಆಡೋ ಮಾತಲ್ಲ. ಬಂದರಿನಲ್ಲಿ ನಂಗೆ ಕೆಲಸ ಸಿಕ್ಕಿತ್ತು. ಅಣ್ಣ ಬೇಡ ಅಂದ. ನಂಬಿ ಕೂತೆ. ಈ ವಯಸ್ಸಲ್ಲಿ ಇನ್ಯಾರು ಕರೀತಾರೆ ನನ್ನ?"

ಮೇಸ್ತ್ರಿಯ ಹೆಂಡತಿ ಲೋಟ ತೊಳೆಯುತ್ತಿದ್ದಳು. ತಿರುಗಲಿಲ್ಲ.

"ಅವರಿಗೆ ಗೊತ್ತಿತ್ತಪ್ಪ, ತೆಗೆಯಲ್ಲ ಅಂತ."

*

ಬೀಗ ಬಿದ್ದ ಮರುವರ್ಷವೇ ಮ್ಯಾನೇಜರ್ ಮೇಸ್ತ್ರಿಯೊಬ್ಬನನ್ನೇ ರಾತ್ರಿ ಹೊತ್ತು ಹಿಂಬಾಗಿಲಿಗೆ ಕರೆಸಿದ್ದ. ಮಗ್ಗಗಳು ಮಾರಾಟವಾಗಿದ್ದವು. ತಾನು ಬಿಚ್ಚದಿದ್ದರೆ ಸುತ್ತಿಗೆಯಲ್ಲಿ ಒಡೆದು ಲಾರಿಗೆ ಹೇರುತ್ತಾರೆಂದು ಮೇಸ್ತ್ರಿ ತಾನೇ ನಿಂತು ಬಿಚ್ಚಿಕೊಟ್ಟ. ಮನೆಗೆ ಬಂದು, ಗ್ರೀಸು ಕೈ ತೊಳೆಯದೆ ಕೂತ.

"ಅವರಿಗೆ ಹೇಳಿಬಿಡಿ," ಎಂದಳು ಹೆಂಡತಿ.

"ಹೇಳೋಕೇ ಹೋಗಿದ್ದೆ. ಎಲ್ರೂ ಗಡ್ಡ ಹೆರೆದು, ಒಗೆದ ಅಂಗಿ ಹಾಕ್ಕೊಂಡು ಗೇಟ್ ಹತ್ರ ನಿಂತಿದ್ರು. ಬಾಯೇ ಬರ್ಲಿಲ್ಲ ಕಣೇ."

"ನಾಳೆ ಹೇಳಿ."

"ಹ್ಞೂಂ, ನಾಳೆ."

ಮರುದಿನ ಅವನೂ ಒಗೆದ ಅಂಗಿ ತೊಟ್ಟು ಹೊರಟ. "ತೆಗೀತಾರಂತೆ" ಎಂದು ಹೇಳುತ್ತ ಹೇಳುತ್ತ ಅವನಿಗೇ ನಂಬಿಕೆ ಬಂತು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದಲ್ಲಿ ಕಣ್ಣು ಬಿಟ್ಟಾಗಲೆಲ್ಲ ಹೆಂಡತಿಯನ್ನು ಕೇಳಿದ್ದು ಒಂದೇ: "ಗಿರಣಿಯಿಂದ ಯಾರಾದ್ರೂ ಬಂದಿದ್ರಾ?"

*

ಅತ್ತಿಗೆ ಹೇಳಿದ್ದನ್ನೆಲ್ಲ ಕೇಳಿ ಫಿಟ್ಟರ್ ಎದ್ದು ನೇರ ಗಿರಣಿಯ ಹಿಂಬಾಗಿಲಿಗೆ ನಡೆದ. ಉಳಿದವರು ಹಿಂದೆಯೇ ಬಂದರು. ತುಕ್ಕು ಹಿಡಿದ ಬೀಗ ಕಲ್ಲಿನೇಟಿಗೆ ಕಳಚಿಬಿತ್ತು.

ಒಳಗೆ ಏನೂ ಇರಲಿಲ್ಲ. ನೆಲದುದ್ದಕ್ಕೂ ಬೋಲ್ಟು ಕಿತ್ತ ಗುಳಿಗಳು. ಅವುಗಳಲ್ಲಿ ಸೂರಿನಿಂದ ಸೋರಿದ ನೀರು.

"ಕಣ್ತುಂಬ ನೋಡ್ಕೊಳ್ರಪ್ಪ," ಎಂದ ಫಿಟ್ಟರ್.

ಯಾರೂ ಬೈಯಲಿಲ್ಲ. ವಯಸ್ಸಾದ ನೇಕಾರನೊಬ್ಬ ಗುಳಿಗಳ ಸಾಲು ದಾಟಿ ಹೋಗಿ ಕಿಟಕಿಯ ಬಳಿ ನಿಂತ. ಇನ್ನೊಬ್ಬ ಅವನ ಎದುರಿಗೆ ಹೋದ. ಒಬ್ಬೊಬ್ಬರಾಗಿ ತಂತಮ್ಮ ಮಗ್ಗವಿದ್ದ ಜಾಗ ಹುಡುಕಿಕೊಂಡು ನಿಂತರು, ಕೈ ಎಲ್ಲಿಡಬೇಕೆಂದು ತಿಳಿಯದೆ.